ಗ್ರಾಹಕರ ದೂರಿಗೆ ಕಂಪನಿಗಳು ಈಗ ಆನ್‌ಲೈನ್‌ನಲ್ಲಿ ಎಲ್ಲರೆದುರೇ ಉತ್ತರ ಕೊಡುವುದೇಕೆ?

ಸುಮ್ನಿದ್ದರೆ ನಷ್ಟ ಜಾಸ್ತಿ, ಅದಕ್ಕೆ. ಮೊದಲೆಲ್ಲ ಒಬ್ಬ ಗ್ರಾಹಕನ ಸಿಟ್ಟು ಕಾಲ್ ಸೆಂಟರ್‌ನಲ್ಲೇ ಮುಗಿದುಹೋಗುತ್ತಿತ್ತು. ಈಗ ಅದು ಬರಹವಾಗಿ ಉಳಿಯುತ್ತದೆ. ಬೇರೆಯವರು ಅದಕ್ಕೆ ಲಿಂಕ್ ಕೊಟ್ಟಷ್ಟೂ ಗೂಗಲ್ ಹುಡುಕಾಟದಲ್ಲಿ ಮೇಲೆ ಬರುತ್ತದೆ. ಕಂಪನಿಯ ಹೆಸರು ಹುಡುಕಿದವರಿಗೆ ಅದರ ವೆಬ್‌ಸೈಟಿನ ಜೊತೆಗೇ ದೂರೂ ಕಾಣಿಸುತ್ತದೆ.

ಕಂಪ್ಯೂಟರ್ ತಯಾರಿಸುವ ಡೆಲ್ ಕಂಪನಿಗೆ ಆದದ್ದು ಇದೇ. 2005ರಲ್ಲಿ ಅಮೆರಿಕದ ಪತ್ರಕರ್ತ ಜೆಫ್ ಜಾರ್ವಿಸ್ ತಮ್ಮ ಲ್ಯಾಪ್‌ಟಾಪ್ ಕೆಟ್ಟು, ರಿಪೇರಿಗೆ ಪರದಾಡಿದ ಕಥೆಯನ್ನು ಬ್ಲಾಗಿನಲ್ಲಿ ಬರೆದರು. ನನಗೂ ಹಾಗೇ ಆಯ್ತು ಅನ್ನುವವರು ಸಾಲುಗಟ್ಟಿದರು. ಡೆಲ್ ತುಂಬಾ ದಿನ ಬಾಯಿ ಬಿಡಲಿಲ್ಲ. ಕೊನೆಗೆ 2006ರ ಜುಲೈನಲ್ಲಿ ತನ್ನದೇ ಬ್ಲಾಗ್ ಶುರು ಮಾಡಿತು. ಆ ಹೊತ್ತಿಗೆ ಡೆಲ್ ಲ್ಯಾಪ್‌ಟಾಪೊಂದು ಹೊತ್ತಿ ಉರಿಯುವ ಫೋಟೊ ಎಲ್ಲೆಡೆ ಹರಿದಾಡುತ್ತಿತ್ತು. ಕಂಪನಿ ಅದನ್ನು ಮುಚ್ಚಿಡದೆ ಬ್ಲಾಗಿನಲ್ಲೇ ಮಾತಾಡಿತು. ಆಗಸ್ಟ್‌ನಲ್ಲಿ, ಬೆಂಕಿ ಹತ್ತುವ ಅಪಾಯವಿದ್ದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತು. 2007ರಲ್ಲಿ ಐಡಿಯಾಸ್ಟಾರ್ಮ್ ಅನ್ನುವ ತಾಣ ತೆರೆದು ಜನರ ಸಲಹೆಯನ್ನೂ ಕೇಳಿತು. ವಿಂಡೋಸ್ ಬದಲು ಉಬುಂಟು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ ಡೆಲ್ ಕಂಪ್ಯೂಟರ್ ಬಂದದ್ದು ಹಾಗೆ.

ಹಾಗಂತ ಈಗ ಬರುವ 'ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಮಗೆ ಮೆಸೇಜ್ ಮಾಡಿ' ಎಂಬ ಉತ್ತರವೆಲ್ಲ ಕಾಳಜಿಯೇನಲ್ಲ. ಎಷ್ಟೋ ಸಲ ಅದು ಜಗಳವನ್ನು ಬೀದಿಯಿಂದ ಒಳಗೆ ಎಳೆದುಕೊಳ್ಳುವ ಉಪಾಯ ಅಷ್ಟೆ.