ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಅಷ್ಟೊಂದು ಜಂಬ ಕೊಚ್ಚಿಕೊಳ್ಳುವುದೇಕೆ?

ಪೌಲ ಅಂದರೆ ಊರೂರು ತಿರುಗಿ ಯೇಸುವಿನ ಸಂದೇಶ ಸಾರಿದ ಮೊದಲ ಶತಮಾನದ ಅಪೊಸ್ತಲ; ಗ್ರೀಸಿನ ಕೊರಿಂಥದಲ್ಲಿ ತಾನೇ ಕಟ್ಟಿದ ಕ್ರೈಸ್ತ ಸಭೆಗೆ ಅವನು ಬರೆದ ಈ ಪತ್ರ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇದೆ. ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ದೇವಸೇವಕನಾದವನು ಟೀಕೆ ಕೇಳಿ ಸುಮ್ಮನಿರಬೇಕಿತ್ತು, 10ರಿಂದ 13ನೇ ಅಧ್ಯಾಯದವರೆಗೆ ಆ ಸಿಟ್ಟು, ಆ ‘ನಾನು ನಾನು’ ಯಾಕೆ?

ನಾನು ದೇವಶಾಸ್ತ್ರ ಓದಿದವನಲ್ಲ. ಅಪ್ಪ ಚರ್ಚಿನ ಸಭಾಪಾಲಕರಾಗಿದ್ದರು, ಹಾಗಾಗಿ ನಮ್ಮ ಮನೆಯ ಸತ್ಯವೇದದಲ್ಲಿ ಈ ನಾಲ್ಕು ಅಧ್ಯಾಯದ ಹಾಳೆಗಳೇ ಹೆಚ್ಚು ಸವೆದಿದ್ದವು. ಪೌಲನನ್ನು ಟೀಕಿಸಿದವರು ಬರೆದದ್ದೇನೂ ಉಳಿದಿಲ್ಲ. ಗೋಡೆಯಾಚೆಯ ಜಗಳದಲ್ಲಿ ಒಬ್ಬರ ದನಿ ಮಾತ್ರ ಕೇಳಿದ ಹಾಗೆ, ಉತ್ತರ ನೋಡಿ ಆರೋಪ ಊಹಿಸಿಕೊಳ್ಳಬೇಕು. ಪತ್ರದಲ್ಲಿ ಹುಲಿ, ಎದುರಿಗೆ ಬಂದರೆ ಇಲಿ. ಮಾತುಗಾರಿಕೆ ಇಲ್ಲ. ಬರುತ್ತೇನೆ ಅಂದವನು ಬರಲಿಲ್ಲ. ಆಮೇಲೆ ಬಂದ ಬೇರೆ ಬೋಧಕರೆಲ್ಲ ಶಿಫಾರಸು ಪತ್ರ ತಂದರು, ಇವನ ಕೈ ಖಾಲಿ. ಇವುಗಳ ಅಡಿಯಲ್ಲಿ ಇದ್ದದ್ದು ದುಡ್ಡಿನ ವಿಷಯ.

ಕೊರಿಂಥ ಎಂಥ ಊರು ಅಂತ ಗೊತ್ತಿದ್ದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಲು ಹೊರಟಾಗ ಅಲ್ಲಿಗೆ ಬಂದು ನೆಲೆಸಿದವರಲ್ಲಿ ಬಹಳಷ್ಟು ಮಂದಿ ಬಿಡುಗಡೆ ಹೊಂದಿದ ಗುಲಾಮರು. ಎರಡು ಕಡಲಿಗೆ ಎರಡು ಬಂದರು, ನಡುವೆ ವ್ಯಾಪಾರ. ಹೊಸದಾಗಿ ದುಡ್ಡು ಕಂಡ ಊರು. ಅಂಥ ಕಡೆ ಭಾಷಣಕಾರನಿಗೆ ಶುಲ್ಕ ಕೊಟ್ಟು ಸಾಕುವುದು ಮನೆತನಕ್ಕೆ ಗೌರವ, ‘ಅವರು ನಮ್ಮವರು’ ಅಂತ ಹೇಳಿಕೊಳ್ಳಬಹುದು. ಪೌಲ ಮಾತ್ರ ಒಂದೂವರೆ ವರ್ಷ ಅಲ್ಲಿದ್ದೂ ಅವರಿಂದ ಸಂಭಾವನೆ ತೆಗೆದುಕೊಳ್ಳಲಿಲ್ಲ. ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಜೊತೆ ಕೂತು ಗುಡಾರ ಹೊಲಿದ. ಕೈ ಕೆಲಸ ಮಾಡುವ ಗುರು ಅಂದರೆ ಆ ಊರಿಗೆ ನಾಚಿಕೆ. ಅದಕ್ಕಿಂತ ಉರಿ ಹತ್ತಿಸಿದ್ದು ಇನ್ನೊಂದು: ಉತ್ತರಕ್ಕಿದ್ದ ಮಕೆದೋನ್ಯ ಪ್ರಾಂತ್ಯದ ಬಡ ಸಭೆಗಳು ಕಳಿಸಿದ್ದನ್ನು ಅವನು ತೆಗೆದುಕೊಂಡಿದ್ದ, 11ನೇ ಅಧ್ಯಾಯದಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ. ಪಕ್ಕದ ಮನೆಯಲ್ಲಿ ಉಂಡು, ನಮ್ಮ ಮನೆಗೆ ಬಂದಾಗ ಕಾಫಿನೂ ಬೇಡ ಅಂದರೆ ನಮಗೆ ಹೇಗಾಗುತ್ತದೆ ಹೇಳಿ.

ಇದರ ಮೇಲೆ ಯೆರೂಸಲೇಮಿನ ಬಡವರಿಗೆ ಅಂತ ಚಂದಾ ಎತ್ತಲು ತನ್ನ ಜೊತೆಗಾರ ತೀತನನ್ನು ಕಳಿಸಿದ. ತಕ್ಷಣ ಗುಸುಗುಸು: ನೇರವಾಗಿ ಬೇಡ ಅನ್ನುತ್ತಾನೆ, ಹಿಂಬಾಗಿಲಿನಿಂದ ಬಾಚಿಕೊಳ್ಳುತ್ತಾನೆ. 12ನೇ ಅಧ್ಯಾಯದಲ್ಲಿ ಅವನು ಈ ಮಾತನ್ನೇ ಎತ್ತಿಕೊಂಡು, ತೀತ ನಿಮ್ಮಿಂದ ಏನಾದರೂ ಲಪಟಾಯಿಸಿದನೋ ಅಂತ ನೇರವಾಗಿ ಕೇಳುತ್ತಾನೆ. ಆದರೆ ಬರೀ ಕೇಳಿ ಬಿಡುವುದಿಲ್ಲ. 8ನೇ ಅಧ್ಯಾಯ ನೋಡಿ, ಹಣದ ಜೊತೆ ಸಭೆಗಳು ಆರಿಸಿದ ಸಹೋದರನೊಬ್ಬನನ್ನೂ ಕಳಿಸುತ್ತಾನೆ. ದೇವರ ಮುಂದೆ ಸರಿ ಇದ್ದರೆ ಸಾಲದು, ಮನುಷ್ಯರ ಕಣ್ಣಿಗೂ ಸರಿ ಕಾಣಬೇಕು ಅನ್ನುವುದು ಅವನ ಲೆಕ್ಕ.

ಅಪ್ಪನಿಗೆ ಈ ವಾಕ್ಯ ಬಾಯಿಪಾಠ. ಒಂದು ವರ್ಷ ಸುಗ್ಗಿ ಹಬ್ಬದ ಹರಾಜಿನ ಹಣ ಅವರೇ ನುಂಗಿದರು ಅಂತ ಸಭೆಯಲ್ಲಿ ಮಾತಾಯಿತು. ತೆಂಗಿನಕಾಯಿ, ಬೂದುಗುಂಬಳ, ಒಂದು ಹುಂಜ, ಇಷ್ಟರ ಹರಾಜು. ಆಮೇಲಿಂದ ಕಾಣಿಕೆ ತಟ್ಟೆಯನ್ನು ಅವರು ಮುಟ್ಟಲೇ ಇಲ್ಲ. ಆರಾಧನೆ ಮುಗಿದ ಮೇಲೆ ಇಬ್ಬರು ಹಿರಿಯರು ವೆಸ್ಟ್ರಿ ಅನ್ನುವ ಚರ್ಚಿನ ಪಕ್ಕದ ಕೋಣೆಯ ಮೇಜಿನ ಮೇಲೆ ನಾಣ್ಯ ಸುರಿದು ಹತ್ತರ ಗುಡ್ಡೆ ಮಾಡುತ್ತಿದ್ದರು, ಅಪ್ಪ ಬಾಗಿಲ ಬಳಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಮಾತಾಡಿದವರು ಕ್ಷಮೆ ಕೇಳಲಿಲ್ಲ. ಮುಂದಿನ ವರ್ಷ ಹುಂಜವನ್ನು ಅವರೇ ಹೆಚ್ಚು ಕೂಗಿ ತೆಗೆದುಕೊಂಡರು. ಅದನ್ನೇ ಕ್ಷಮೆ ಅಂದುಕೊಂಡೆವು.

ಇನ್ನು ಜಂಬ. 11ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿ ನೋಡಿ, ಅದು ಅಣಕ. ಆ ಕಾಲದಲ್ಲಿ ದೊಡ್ಡ ಮನುಷ್ಯರು ಗೆದ್ದ ಯುದ್ಧ, ಕಟ್ಟಿಸಿದ ಕಟ್ಟಡಗಳನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಪೌಲ ಅದೇ ಧಾಟಿಯಲ್ಲಿ ಎಣಿಸುವುದು ಏನನ್ನು? ಒಂದು ಕಡಿಮೆ ನಲವತ್ತು ಏಟು, ಐದು ಸಲ. ಕೋಲಿನ ಹೊಡೆತ ಮೂರು ಸಲ. ಕಲ್ಲೆಸೆತ ಒಮ್ಮೆ. ಹಡಗು ಒಡೆದದ್ದು ಮೂರು ಸಲ, ಒಂದು ರಾತ್ರಿ ಒಂದು ಹಗಲು ಸಮುದ್ರದ ನೀರಲ್ಲಿ. ‘ಬುದ್ಧಿಗೆಟ್ಟವನಂತೆ ಮಾತಾಡುತ್ತಿದ್ದೇನೆ’ ಅಂತ ನಡುನಡುವೆ ಹೇಳುತ್ತಲೂ ಇರುತ್ತಾನೆ.

ಕೊನೆಯ ಐಟಂ ನನಗೆ ಅಚ್ಚುಮೆಚ್ಚು. ಶತ್ರುವಿನ ಕೋಟೆಗೋಡೆಯನ್ನು ಮೊದಲು ಹತ್ತಿದ ರೋಮನ್ ಯೋಧನಿಗೆ ಚಿನ್ನದ ಕಿರೀಟ ಸಿಗುತ್ತಿತ್ತು. ಪೌಲ ಹೇಳುವುದೇನು? ದಮಸ್ಕದಲ್ಲಿ ಅರೇತ ರಾಜನ ಅಧಿಕಾರಿ ಹಿಡಿಯಲು ಕಾದಿದ್ದಾಗ, ನನ್ನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಕಿಟಕಿಯಿಂದ ಕೆಳಗಿಳಿಸಿದರು! ಒಬ್ಬ ಹತ್ತಿ ಕಿರೀಟ ತೊಟ್ಟ, ಇನ್ನೊಬ್ಬ ತರಕಾರಿಯ ಹಾಗೆ ಇಳಿದ. ರೋಮನ್ ವಸಾಹತಿನ ಜನಕ್ಕೆ ಈ ತಮಾಷೆ ತಟ್ಟಿರಲೇಬೇಕು. ಕೊರಿಂಥಕ್ಕೆ ಬಂದಿದ್ದ ಆ ಎದುರಾಳಿ ಬೋಧಕರನ್ನು ಅವನು ಕರೆಯುವುದು ಹೆಚ್ಚುಕಮ್ಮಿ ‘ಸೂಪರ್ ಅಪೊಸ್ತಲರು’ ಅಂತ. ಅವರ ಬಯೋಡೇಟಾ ಎದುರಿಗೆ ಅವನಿಟ್ಟದ್ದು ತನ್ನ ಗಾಯದ ಪಟ್ಟಿ.

ಹಾಗಂತ ಎಲ್ಲವನ್ನೂ ಅಣಕ ಅಂತ ತೇಲಿಸಲು ನಾನು ಒಪ್ಪುವುದಿಲ್ಲ. ಆ ವಿರೋಧಿಗಳನ್ನು ಸೈತಾನನ ಸೇವಕರು ಅಂದಿದ್ದಾನಲ್ಲ, ಅಲ್ಲಿ ಅವನಿಗೆ ನಿಜವಾಗಿ ನೋವಾಗಿದೆ, ನಾಲಿಗೆ ಹಿಡಿತ ತಪ್ಪಿದೆ ಅಂತಲೇ ನನಗೆ ಅನಿಸುತ್ತದೆ. 9ನೇ ಅಧ್ಯಾಯದಲ್ಲಿ ಅಷ್ಟು ನಯವಾಗಿ ಚಂದಾ ಕೇಳಿದವನು 10ಕ್ಕೆ ಬರುವಷ್ಟರಲ್ಲಿ ಸಿಡಿಯುವುದನ್ನು ನೋಡಿ, ಇದು ಬೇರೆಯೇ ಪತ್ರ ಇರಬೇಕು, ಆಮೇಲೆ ಜೋಡಿಸಿದ್ದು ಅನ್ನುವ ವಿದ್ವಾಂಸರೂ ಇದ್ದಾರೆ.

ಇಷ್ಟೆಲ್ಲ ಬರೆದದ್ದಕ್ಕೆ ಫಲ ಸಿಕ್ಕಿತೇ? ಕೊರಿಂಥದವರ ಉತ್ತರ ಉಳಿದಿಲ್ಲ. ಆದರೆ ರೋಮಾಪುರದವರಿಗೆ ಬರೆದ ಪತ್ರವನ್ನು ಅವನು ಕೊರಿಂಥದಲ್ಲೇ ಕೂತು ಬರೆದ ಅಂತ ಹೆಚ್ಚಿನವರು ಒಪ್ಪುತ್ತಾರೆ. ಅದರ 15ನೇ ಅಧ್ಯಾಯದಲ್ಲಿ, ಯೆರೂಸಲೇಮಿನ ಬಡವರಿಗೆ ಮಕೆದೋನ್ಯದವರೂ ಅಖಾಯದವರೂ ಹಣ ಕೊಟ್ಟರು ಅಂತ ಒಂದು ಸಾಲು ಇದೆ. ಅಖಾಯ ಅನ್ನುವ ಆ ರೋಮನ್ ಪ್ರಾಂತ್ಯದ ರಾಜಧಾನಿ ಆಗ ಕೊರಿಂಥವೇ.