ಓದುಗರ ಗಾಡಿ ಪ್ರಶ್ನೆ: ಬ್ರೇಕ್ ಪೆಡಲ್ ತಾನೇ ಇಳಿದರೆ

ಪ್ರ: ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಎರಡು ಸಲ ಬಿಟ್ಟು ತುಳಿದರೆ ಮೇಲೆ ಬರುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ. ಪ್ಯಾಡ್ ಹಾಕಿಸಿದರೆ ಸರಿಹೋದೀತೇ? (ಗದಗ)

ಉ: ಪ್ಯಾಡ್‌ಗೂ ಇದಕ್ಕೂ ಸಂಬಂಧವಿಲ್ಲ, ಆ ದುಡ್ಡು ಉಳಿಸಿ. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ದೂಡುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಸವೆದಿರುವ ಅನುಮಾನವೇ ಹೆಚ್ಚು. ಆಯಿಲ್ ಚಕ್ರದ ಕಡೆ ಒತ್ತಿಕೊಂಡು ಹೋಗುವ ಬದಲು ಸೀಲ್ ಪಕ್ಕದಿಂದ ನುಸುಳಿ ಆಯಿಲ್ ಡಬ್ಬಿಗೇ ವಾಪಸ್ ಬರುತ್ತದೆ. ಮಟ್ಟ ಇಳಿಯದಿರುವುದು ಅದಕ್ಕೇ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಬಂದ್ ಮಾಡಿ ನಾಲ್ಕೈದು ಸಲ ತುಳಿಯಿರಿ, ಪೆಡಲ್ ಗಟ್ಟಿಯಾಗುತ್ತದೆ. ಈಗ ಕಾಲು ಕದಲಿಸದೆ ಅರ್ಧ ನಿಮಿಷ ಒತ್ತಿ ಹಿಡಿದು, ಪೆಡಲ್ ಇಳಿಯುತ್ತದೆಯೇ ನೋಡಿ. ಜೋರಾಗಿ ತುಳಿದಾಗ ಆಯಿಲ್ ತಡೆದು, ಹಗುರವಾಗಿ ತುಳಿದಾಗ ಬಿಟ್ಟುಕೊಡುವ ಸೀಲ್‌ಗಳೂ ಇರುತ್ತವೆ. ಎರಡೂ ಬಗೆಯಲ್ಲಿ ನೋಡಿ. ಹಾಗೇ ಒತ್ತಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಒಂದಿಷ್ಟು ಕೆಳಗೆ ಹೋಗಿ ನಿಲ್ಲಬೇಕು. ಅದು ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಕೆಲಸ, ಹೆದರಬೇಡಿ. ಕಲ್ಲಿನಂತೆ ಅಲ್ಲಾಡದಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಕೆಟ್ಟಿದೆ. ನಿಲ್ಲದೆ ಇಳಿಯುತ್ತಲೇ ಹೋದರೆ ದೋಷ ಖಚಿತ.

ನಾಲ್ಕೂ ಟೈರಿನ ಒಳಮೈ, ಹಿಂದಿನ ಡ್ರಮ್‌ನ ಕೆಳಅಂಚು, ಕಾಲ ಬಳಿಯ ಮ್ಯಾಟ್ ಮುಟ್ಟಿ ನೋಡಿ. ಎಲ್ಲೂ ಒದ್ದೆಯಿಲ್ಲವೆಂದರೆ ಸೋರುವುದು ಒಳಗೇ. ಈ ಸ್ಥಿತಿಯಲ್ಲಿ ಗಾಡಿ ಹುಬ್ಬಳ್ಳಿವರೆಗೆ ಬೇಡ, ಓಣಿ ದಾಟುವುದೂ ಬೇಡ. ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಸಿಲಿಂಡರ್ ಒಳಗೆ ತುಕ್ಕು ತಿಂದ ಗುಂಡಿಗಳಿದ್ದರೆ ಬರೀ ಸೀಲ್‌ಗಳ ಕಿಟ್ ಹಾಕಿಸಬೇಡಿ. ಹೊಸ ಸೀಲನ್ನೂ ಅವು ತಿನ್ನುತ್ತವೆ.

ಪ್ರ: ಬ್ರೇಕ್ ಹಾಕಿದರೆ ಕಾರು ಎಡಕ್ಕೆ ಎಳೆಯುತ್ತದೆ. (ಧಾರವಾಡ)

ಉ: ಮೊದಲು ಟೈರ್ ಗಾಳಿ ನೋಡಿ. ಆಮೇಲೆ ಎಂಟು-ಹತ್ತು ಕಿ.ಮೀ. ಓಡಿಸಿ ಬಂದು, ಮುಂದಿನ ಎರಡೂ ರಿಮ್‌ಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಎಡಗಡೆಯದು ಕಾದ ಹಂಚಿನಂತಿದ್ದರೆ ಅಲ್ಲಿ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಡದೆ ಹಿಡಿದಿದೆ. ಬಲಗಡೆ ತಣ್ಣಗಿದ್ದರೆ ಅಲ್ಲಿ ಬ್ರೇಕೇ ಹತ್ತುತ್ತಿಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಹೊಲದ ದಾರಿಯಲ್ಲಿ ಓಡಾಡುವ ಗಾಡಿಗೆ ಇದು ಹೆಚ್ಚು. ಕ್ಯಾಲಿಪರ್ ಜಾರುವ ಪಿನ್ನಿನ ರಬ್ಬರ್ ಬೂಟ್ ಹರಿದಿದ್ದರೆ ಎರೆಮಣ್ಣು ಒಳಗೆ ಹೊಕ್ಕು, ಒಣಗಿ, ಪಿನ್ ಜಾಮ್ ಆಗುತ್ತದೆ. ಚಕ್ರ ಬಿಚ್ಚಿದಾಗ ಒಳಗಿನ ಪ್ಯಾಡ್ 3 ಮಿ.ಮೀ., ಹೊರಗಿನದು 8 ಮಿ.ಮೀ. ಉಳಿದಿದ್ದರೆ ಕಳ್ಳ ಸಿಕ್ಕ ಹಾಗೆ. 3 ಮಿ.ಮೀ.ಗೆ ಬಂದ ಪ್ಯಾಡ್ ಹೇಗೂ ಬದಲಿಸಬೇಕು, ಎರಡೂ ಕಡೆಯ ಜೋಡಿಯನ್ನು ಒಟ್ಟಿಗೇ. ಪಿನ್ನಿಗೆ ಸಿಲಿಕಾನ್ ಬ್ರೇಕ್ ಗ್ರೀಸ್ ಹಾಕಿ; ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಪ್ರ: ಅಂಕೋಲೆಗೆ ಹೋಗುವಾಗ ಅರಬೈಲ್ ಘಟ್ಟ ಇಳಿಯುತ್ತ ಸುಟ್ಟ ವಾಸನೆ ಬಂತು, ಬ್ರೇಕ್ ಸಪ್ಪಗಾಯಿತು. ಮರುದಿನ ಸರಿಯಿತ್ತು. (ಹುಬ್ಬಳ್ಳಿ)

ಉ: ಆಗ ಪೆಡಲ್ ಹೇಗಿತ್ತೆಂದು ನೆನಪು ಮಾಡಿಕೊಳ್ಳಿ. ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದಿತ್ತು. ಮೆತ್ತಗಾಗಿದ್ದರೆ ಆಯಿಲ್ ಕುದಿದು ಗುಳ್ಳೆ ಎದ್ದಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ, ಶೇ. 3.7 ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಘಟ್ಟದಲ್ಲಿ ಎರಡನೇ ಅಥವಾ ಮೂರನೇ ಗೇರ್‌ನಲ್ಲಿಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ.

ಪ್ರ: ರಾತ್ರಿ ಮಳೆ ಬಂದರೆ ಬೆಳಿಗ್ಗೆ ಬ್ರೇಕ್ ಕರಕರ ಎನ್ನುತ್ತದೆ. (ಹಾವೇರಿ)

ಉ: ಡಿಸ್ಕ್ ಮೇಲಿನ ತೆಳು ತುಕ್ಕು. ಐದಾರು ಸಲ ಬ್ರೇಕ್ ಹಾಕುವಷ್ಟರಲ್ಲಿ ಹೋದರೆ ಚಿಂತೆಯಿಲ್ಲ. ಮಧ್ಯಾಹ್ನವೂ ಇದ್ದರೆ ಪ್ಯಾಡ್ ಮುಗಿದು ಅದರ ಹಿಂದಿನ ತಗಡು ಡಿಸ್ಕ್ ಕೆರೆಯುತ್ತಿರಬಹುದು.