ಪಾಳೆಯದಲ್ಲಿ ಗುರುವಿಗೇನು ಕೆಲಸ? – ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ಸೈನ್ಯದಲ್ಲಿ ಕಥೋಲಿಕ ಪಾದ್ರಿಯಾಗಿದ್ದ ಗುರು ಎಮಿಲ್ ಕಪಾನ್ ಅವರ ಕುರಿತ ಲೇಖನವನ್ನು ಓದಿದ ಮೇಲೆ, ಪಾದ್ರಿಗಳನ್ನು ತಯಾರಿಸುವ ಗುರುಮಠದಲ್ಲಿ ಕಲಿಯುತ್ತಿರುವ ನಿಮ್ಮ ಅಣ್ಣನ ಮಗ ತಾನೂ ಸೈನ್ಯದ ಪಾದ್ರಿಯಾಗುವೆನೆಂದು ಹೇಳುತ್ತಿರುವುದಾಗಿ ಬರೆದಿದ್ದೀರಿ. ಪ್ರೀತಿಯನ್ನು ಬೋಧಿಸಬೇಕಾದ ಗುರುವಿಗೆ ಕೊಲ್ಲುವವರ ಪಾಳೆಯದಲ್ಲಿ ಏನು ಕೆಲಸ, ಇದು ದೈವಕರೆಯೋ ಸಮವಸ್ತ್ರದ ಮೋಹವೋ ಎಂಬುದು ನಿಮ್ಮ ಪ್ರಶ್ನೆ. ಆ ಹುಡುಗನ ಮೇಲಿನ ಕಾಳಜಿಯಿಂದಲೇ ನೀವು ಹೀಗೆ ಕೇಳಿದ್ದೀರಿ ಎಂಬುದು ನನಗೆ ಅರ್ಥವಾಗುತ್ತದೆ.

ಯುದ್ಧವನ್ನು ಹರಸುವುದು ಈ ಗುರುಗಳ ಕೆಲಸವೆಂದು ನಾನು ನಂಬುವುದಿಲ್ಲ. ಅವರು ಆಯುಧ ಹಿಡಿಯುವುದಿಲ್ಲ. ಹೆಗಲ ಮೇಲೆ ಪದವಿಯ ಗುರುತಿದ್ದರೂ ಪಡೆಯನ್ನು ನಡೆಸುವ ಅಧಿಕಾರ ಅವರಿಗಿಲ್ಲ. 1949ರ ಜಿನೀವಾ ಒಪ್ಪಂದಗಳ ಪ್ರಕಾರ, ಶತ್ರುವಿನ ಕೈಗೆ ಸಿಕ್ಕಿದಾಗಲೂ ಅವರನ್ನು ಯುದ್ಧಕೈದಿಗಳೆಂದು ಎಣಿಸುವಂತಿಲ್ಲ. ಸೆರೆಯಾದ ಸೈನಿಕರ ನಡುವೆ ಅವರ ಸೇವೆ ಮುಂದುವರಿಯಲು ಬಿಡಬೇಕು.

ಕಪಾನ್ ಅವರ ಬದುಕನ್ನೇ ನೋಡಿ. ಕ್ಯಾನ್ಸಸ್‌ನ ಪಿಲ್ಸೆನ್ ಎಂಬ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದ ಕೊನೆಯಲ್ಲಿ ಭಾರತ ಮತ್ತು ಬರ್ಮಾದಲ್ಲಿದ್ದ ಪಡೆಗಳ ಸೇವೆ ಮಾಡಿದವರು. 1950ರ ನವೆಂಬರ್‌ನಲ್ಲಿ ಕೊರಿಯಾ ಯುದ್ಧದ ವೇಳೆ ಉನ್ಸಾನ್‌ನಲ್ಲಿ ಚೀನೀ ಪಡೆ ಸುತ್ತುವರಿದಾಗ, ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಗಾಯಾಳುಗಳ ಬಳಿಯೇ ಉಳಿದರು. ಕಾಲು ಮುರಿದು ಬಿದ್ದಿದ್ದ ಸಾರ್ಜೆಂಟ್ ಒಬ್ಬರ ತಲೆಗೆ ಚೀನೀ ಸೈನಿಕನೊಬ್ಬ ಬಂದೂಕು ಗುರಿಯಿಟ್ಟಿದ್ದಾಗ ನಡೆದು ಹೋಗಿ, ಆ ಬಂದೂಕನ್ನು ಪಕ್ಕಕ್ಕೆ ಸರಿಸಿ, ಗಾಯಾಳುವನ್ನು ಎತ್ತಿಕೊಂಡು ಹೊರಟರು. ಯಾಲು ನದಿಯ ದಂಡೆಯ ಸೆರೆಶಿಬಿರದಲ್ಲಿ, ಕೊರೆಯುವ ಚಳಿಯಲ್ಲಿ, ತಗಡು ಬಡಿದು ಪಾತ್ರೆ ಮಾಡಿ ನೀರು ಕಾಯಿಸಿದರು. ಆಮಶಂಕೆಯಿಂದ ನರಳುತ್ತಿದ್ದವರ ಬಟ್ಟೆ ಒಗೆದರು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಒಳ್ಳೆಯ ಕಳ್ಳ ಸಂತ ದಿಸ್ಮಾಸರನ್ನು ನೆನೆದು ಹೋಗಿ, ಹಸಿದವರಿಗಾಗಿ ಕಾಳುಕಡಿ ಕದ್ದು ತಂದರು. 1951ರ ಮೇ 23ರಂದು, 35ನೆಯ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಸಮವಸ್ತ್ರದ ಮೋಹ ಒಬ್ಬ ಮನುಷ್ಯನನ್ನು ಇಷ್ಟು ದೂರ ನಡೆಸಲಾರದು.

ಆದರೂ ನಿಮ್ಮ ಅಳುಕಿನಲ್ಲಿ ಹುರುಳಿದೆ. ಸೈನ್ಯದ ಸಂಬಳ ಪಡೆಯುವವನು ಸೈನ್ಯದ ತಪ್ಪನ್ನು ತಪ್ಪೆನ್ನಲು ಹಿಂಜರಿಯುವ ಅಪಾಯ ಇದ್ದೇ ಇರುತ್ತದೆ. ಈ ಗುರುಗಳು ಧರ್ಮಾಧ್ಯಕ್ಷರ (ಬಿಷಪ್) ಕೈಕೆಳಗೇ ಇರಬೇಕೆಂಬ ಧರ್ಮಸಭೆಯ ಕಟ್ಟುನಿಟ್ಟಿನ ಬೆಲೆ ನನಗೆ ಇಲ್ಲಿ ಕಾಣುತ್ತದೆ. 1986ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು, ಸೈನಿಕರ ಧಾರ್ಮಿಕ ಆರೈಕೆ ನೋಡಿಕೊಳ್ಳುವ ಸೇನಾ ಧರ್ಮಾಡಳಿತಗಳನ್ನು ಧರ್ಮಾಧ್ಯಕ್ಷರ ಆಡಳಿತಕ್ಕೊಳಪಟ್ಟ ಧರ್ಮಪ್ರಾಂತ್ಯಗಳಿಗೆ ಸಮಾನವೆಂದು ವಿಧಿಸಿದರು. ನಮ್ಮ ಭೂಸೇನೆಯಲ್ಲಿ ಪಂಡಿತ, ಗ್ರಂಥಿ, ಮೌಲ್ವಿಗಳಂತೆ ಪಾದ್ರಿಯೂ ಜೆಸಿಒ (ಸಿಪಾಯಿಗಳಿಗೂ ಅಧಿಕಾರಿಗಳಿಗೂ ನಡುವಿನ) ದರ್ಜೆಯ ಧರ್ಮಗುರು. ಅದಕ್ಕೆ ಗುರುದೀಕ್ಷೆ ಆಗಿರಬೇಕು, ಸ್ಥಳೀಯ ಧರ್ಮಾಧ್ಯಕ್ಷರ ಅಂಗೀಕೃತ ಪಟ್ಟಿಯಲ್ಲಿ ಹೆಸರೂ ಇರಬೇಕು. ಹಾಗಾಗಿ ನಿಮ್ಮ ಹುಡುಗ ಮೊದಲು ಒಳ್ಳೆಯ ಗುರುವಾಗಲಿ, ತನ್ನ ಆಸೆಯನ್ನು ಗುರುಮಠದ ಆತ್ಮಿಕ ನಿರ್ದೇಶಕರ ಮುಂದೆ ಮುಚ್ಚುಮರೆಯಿಲ್ಲದೆ ಇಡಲಿ. ಅಲ್ಲಿಯವರೆಗೆ ದಯವಿಟ್ಟು ಅವನನ್ನು ಹಂಗಿಸಬೇಡಿ.

ಕಪಾನ್ ತೀರಿಕೊಂಡ ಮೇಲೆ ಆ ಶಿಬಿರಕ್ಕೆ ಬಂದ, ಅವರನ್ನು ಕಣ್ಣಾರೆ ಕಂಡಿರದ ಯೆಹೂದಿ ಅಧಿಕಾರಿ ಜೆರಾಲ್ಡ್ ಫಿಂಕ್, ಉಳಿದವರ ಬಾಯಲ್ಲಿ ಅವರ ಕಥೆ ಕೇಳಿ, ಸೌದೆಯ ತುಂಡುಗಳಿಂದ ಶಿಲುಬೆಯೊಂದನ್ನು ಕೆತ್ತಿದರು. 1953ರಲ್ಲಿ ಬಿಡುಗಡೆಯಾದ ಕೈದಿಗಳು ಅದನ್ನು ಹೊತ್ತುಕೊಂಡೇ ಹೊರಬಂದರು.

– ಸಂಪಾದಕ